ಪಾಪ, ಆದಿಮಾನವನ ತಲೆಗೆ ಕಟ್ಟಬೇಡಿ!

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಬರೀ ಸೋಮಾರಿತನ. ಆದರೆ ಹೋದ ತಿಂಗಳು ನಡೆದದ್ದೊಂದು ಇನ್ನೂ ಒಳಗೇ ಕುಟ್ಟುತ್ತಿದೆ. ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾದರೆ ಬೈಕೋಬೇಡಿ.

ನನ್ನ ಅಕ್ಕನ ಮಗ ಎಂಟನೇ ಕ್ಲಾಸು. ಹಾಸ್ಟೆಲಿನಲ್ಲಿದ್ದು ಓದ್ತಾನೆ. ದೊಡ್ಡ ಕ್ಲಾಸಿನ ಮೂವರು ಹುಡುಗರು ಸೇರಿ ಕ್ರಿಕೆಟ್ ಸ್ಟಂಪಿನಲ್ಲಿ ಅವನಿಗೆ ಬಾರಿಸಿದರು. ತಲೆಗೆ ನಾಲ್ಕು ಹೊಲಿಗೆ. ಅಕ್ಕ, ಭಾವನ ಜೊತೆ ನಾನೂ ಹೋಗಿದ್ದೆ. ಆಡಳಿತ ಮಂಡಳಿಯ ಹಿರಿಯರೊಬ್ಬರು ಕಾಫಿ ತರಿಸಿ, ನಗುನಗುತ್ತಾ ಹೇಳಿದರು: "ನೋಡಿ ಅಮ್ಮಾ, ಮಂಗ ಮನುಷ್ಯ ಆಗಿದ್ದೇ ಪ್ರಾಣಿಯ ಮೂಳೆ ಎತ್ತಿಕೊಂಡು ಇನ್ನೊಬ್ಬನ ತಲೆಗೆ ಹೊಡೆದಾಗ. ವಿಜ್ಞಾನವೇ ಹೇಳುತ್ತೆ. ಗಂಡುಹುಡುಗರ ರಕ್ತದಲ್ಲೇ ಇರುತ್ತೆ ಅದು. ದೊಡ್ಡದು ಮಾಡಬೇಡಿ."

ಅಕ್ಕನ ಕಣ್ಣಲ್ಲಿ ನೀರು. ನಾನು ಸುಮ್ಮನೆ ಕಾಫಿ ಕುಡಿದೆ. ಸುಳ್ಳು ಅನ್ನಿಸ್ತು, ಆದರೆ ಯಾಕೆ ಸುಳ್ಳು ಅಂತ ಹೇಳೋಕೆ ಗೊತ್ತಿರಲಿಲ್ಲ. ಆಮೇಲೆ ಕೂತು ಓದಿದೆ. ಅವತ್ತು ಕೊಡದ ಉತ್ತರ ಇದು.

ಮೊದಲನೇ ವಿಷಯ. ಆ ಹಿರಿಯರು ಹೇಳಿದ್ದು ಅವರ ಸ್ವಂತದ್ದೇನಲ್ಲ. ಅದಕ್ಕೊಬ್ಬ ಜನಕ ಇದ್ದಾನೆ, ಹೆಸರು ರೇಮಂಡ್ ಡಾರ್ಟ್. ಜೋಹಾನ್ಸ್‌ಬರ್ಗಿನಲ್ಲಿ ಅಂಗರಚನಾಶಾಸ್ತ್ರದ ಪ್ರೊಫೆಸರ್. 1924ರಲ್ಲಿ ಟಾಂಗ್ ಅನ್ನೋ ಊರಿನ ಸುಣ್ಣದಕಲ್ಲಿನ ಗಣಿಯಿಂದ ಬಂದ ಮಗುವಿನ ತಲೆಬುರುಡೆ ನೋಡಿ, ಇದು ಮನುಷ್ಯನ ಪೂರ್ವಜರ ಸಾಲಿಗೆ ಸೇರಿದ್ದು ಅಂತ 1925ರಲ್ಲಿ ಹೇಳಿದ. ದೊಡ್ಡ ದೊಡ್ಡ ಪಂಡಿತರು ಒಪ್ಪಲಿಲ್ಲ, ಎರಡು ದಶಕ ಮೂಗು ಮುರಿದರು. ಕೊನೆಗೆ ಡಾರ್ಟ್ ಹೇಳಿದ್ದೇ ಸರಿ ಅಂತಾಯ್ತು. ದೊಡ್ಡ ಮನುಷ್ಯನೇ, ಅನುಮಾನ ಬೇಡ.

ಎಡವಿದ್ದು ಆಮೇಲೆ. ಮಕಪಾನ್ಸ್‌ಗಾಟ್ ಅನ್ನೋ ಇನ್ನೊಂದು ಗಣಿಯಲ್ಲಿ ಸಾವಿರಾರು ಮೂಳೆ ಸಿಕ್ಕವು. ಸುಮಾರು 30 ಲಕ್ಷ ವರ್ಷ ಹಿಂದಿನವು, ಹೆಚ್ಚಿನವು ಚಿಗರೆ ಜಾತಿಯ ಪ್ರಾಣಿಗಳದ್ದು. ಡಾರ್ಟ್ ಎಣಿಸಿ ನೋಡಿದ. ಕೆಲವು ಮೂಳೆ ರಾಶಿ ರಾಶಿ, ಕೆಲವು ಇಲ್ಲವೇ ಇಲ್ಲ. ದವಡೆ ಬೇಕಾದಷ್ಟು, ಬಾಲದ ಮೂಳೆ ಕಾಣೆ. ಮುಂಗಾಲಿನ ಮೇಲ್ಮೂಳೆಯ ಕೆಳತುದಿ, ಮೇಲ್ತುದಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಯಾಕೆ? ನಮ್ಮ ಪೂರ್ವಜರು ಆಯ್ದು ತಂದು ಇಟ್ಟಿದ್ದು ಅಂತ ತೀರ್ಮಾನಿಸಿದ. ಉದ್ದ ಮೂಳೆ ದೊಣ್ಣೆ, ಕೊಂಬು ಚೂರಿ, ಹಲ್ಲಿರುವ ದವಡೆ ಗರಗಸ. ಬಾಲ? ಅದನ್ನು ಬೇಟೆಗೆ ಚಾಟಿ ಮಾಡಿಕೊಂಡು ಹೊರಗೆ ಒಯ್ದಿರಬೇಕು! ಬಬೂನ್ ಕೋತಿಗಳ ಬುರುಡೆಯಲ್ಲಿ ಜೋಡಿ ತಗ್ಗು ಕಂಡಾಗ, ಚಿಗರೆಯ ಮೂಳೆಯ ಜೋಡಿಗಂಟಿನ ತುದಿಯಿಂದ ಹೊಡೆದ ಗುರುತು ಅಂದ. 1957ರಲ್ಲಿ ಇದಕ್ಕೆಲ್ಲ ಬಾಯಿತುಂಬ ಒಂದು ಹೆಸರಿಟ್ಟ, ಆಸ್ಟಿಯೋಡಾಂಟೋಕೆರಾಟಿಕ್ ಸಂಸ್ಕೃತಿ. ಅಂದರೆ ಮೂಳೆ-ಹಲ್ಲು-ಕೊಂಬಿನ ಸಂಸ್ಕೃತಿ. ನಾವು ಹುಟ್ಟಾ ಕೊಲೆಗಾರರು, ಆಯುಧವೇ ನಮ್ಮನ್ನು ಮನುಷ್ಯರನ್ನಾಗಿ ಮಾಡಿದ್ದು ಅನ್ನೋದು ಸಾರಾಂಶ.

ಇಷ್ಟೇ ಆಗಿದ್ದರೆ ಪಂಡಿತರ ಜಗಳವಾಗಿ ಮುಗಿಯುತ್ತಿತ್ತು. ರಾಬರ್ಟ್ ಆರ್ಡ್ರಿ ಅನ್ನೋ ನಾಟಕಕಾರ, ಹಾಲಿವುಡ್ಡಿಗೂ ಬರೆಯುತ್ತಿದ್ದವನು, 1961ರಲ್ಲಿ 'ಆಫ್ರಿಕನ್ ಜೆನೆಸಿಸ್' ಬರೆದು ಇದನ್ನು ಮನೆಮನೆಗೆ ಮುಟ್ಟಿಸಿದ. 1968ರಲ್ಲಿ ಕುಬ್ರಿಕ್‌ನ '2001: ಎ ಸ್ಪೇಸ್ ಒಡಿಸ್ಸಿ' ಬಂತು. ವಾನರ ಮೂಳೆಯಿಂದ ಹೊಡೆದು, ಅದನ್ನೇ ಆಕಾಶಕ್ಕೆ ಎಸೆಯುತ್ತೆ, ಮುಂದಿನ ದೃಶ್ಯದಲ್ಲಿ ಬಾಹ್ಯಾಕಾಶ ನೌಕೆ. ಸಿನಿಮಾ ಅದ್ಭುತ, ನಾನೂ ಮೂರು ಸಲ ನೋಡಿದ್ದೇನೆ. ಆದರೆ ಸಿನಿಮಾ ಸಾಕ್ಷಿ ಅಲ್ಲವಲ್ಲ ಸ್ವಾಮಿ!

ಈಗ ಅಸಲಿ ಕಥೆ. ಬಾಬ್ ಬ್ರೇನ್ (ಹೌದು, ಹೆಸರೇ ಬ್ರೇನ್ :-) ) ಅಂತ ಅದೇ ದಕ್ಷಿಣ ಆಫ್ರಿಕಾದ ವಿಜ್ಞಾನಿ. 1960ರ ದಶಕದಲ್ಲಿ ನಮೀಬಿಯಾದ ಕುಯ್ಸೆಬ್ ನದಿಯ ದಂಡೆಯ ಹಳ್ಳಿಗಳಿಗೆ ಹೋದ. ಅಲ್ಲಿನವರು ಮೇಕೆ ಸಾಕಿ, ಕಡಿದು ತಿಂದು, ಮೂಳೆ ಎಸೆಯುತ್ತಾರೆ. ನಾಯಿಗಳು ಕಡಿಯುತ್ತವೆ. ಉಳಿದದ್ದು ಬಿಸಿಲಿಗೆ ಬಿದ್ದಿರುತ್ತೆ. ಬ್ರೇನ್ ಅದನ್ನೆಲ್ಲ ಹೆಕ್ಕಿ ಎಣಿಸಿದ. ದವಡೆ ಜಾಸ್ತಿ. ಬಾಲದ ಮೂಳೆ ಇಲ್ಲ. ಮುಂಗಾಲ ಮೂಳೆಯ ಕೆಳತುದಿ ಗಟ್ಟಿ, ಅದು ಉಳಿದಿದೆ. ಮೇಲ್ತುದಿ ಮೆದು, ಸ್ಪಂಜಿನ ಹಾಗೆ, ನಾಯಿಯ ಹೊಟ್ಟೆ ಸೇರಿದೆ. ಡಾರ್ಟ್‌ನ 'ಆಯುಧಾಗಾರ'ದ ಲೆಕ್ಕವೂ ಹೆಚ್ಚುಕಡಿಮೆ ಹೀಗೇ ಇತ್ತು!

ಯೋಚಿಸಿ ನೋಡಿ. ಮಟನ್ ಅಂಗಡಿ ಹಿಂದಿನ ನಾಯಿಗಳನ್ನು ನೋಡಿದವರಿಗೆ ಇದು ಗೊತ್ತಿರೋ ಸಂಗತಿ. ಗಟ್ಟಿಯಿದ್ದದ್ದು ಉಳೀತು, ಮೆದು ಇದ್ದದ್ದು ಹೋಯ್ತು. ಅಲ್ಲಿ ಯಾರೂ ಆಯುಧ ಆರಿಸಿರಲಿಲ್ಲ. ಮಕಪಾನ್ಸ್‌ಗಾಟಿನ ಮೂಳೆಗಳ ಮೇಲೆ ಆಮೇಲೆ ಕತ್ತೆಕಿರುಬದ ಹಲ್ಲಿನ ಗುರುತು, ಮುಳ್ಳುಹಂದಿ ಕೆರೆದ ಗುರುತು ಸಿಕ್ಕವು. ಸುಟ್ಟದ್ದು ಅಂತ ಡಾರ್ಟ್ ತಿಳಿದಿದ್ದ ಕಪ್ಪು ಬಣ್ಣ ಬೆಂಕಿಯದ್ದಲ್ಲ, ಮ್ಯಾಂಗನೀಸಿನದ್ದು.

ಇನ್ನೊಂದಿದೆ. ಸ್ವಾರ್ಟ್‌ಕ್ರಾನ್ಸ್ ಗುಹೆಯಲ್ಲಿ ಸಿಕ್ಕ ಎಳೆಯ ಪೂರ್ವಜನೊಬ್ಬನ ಬುರುಡೆಯಲ್ಲಿ ಎರಡು ತೂತು. ಡಾರ್ಟ್‌ನ ಕಥೆಯ ಪ್ರಕಾರ ಅದು ಕೊಲೆ ಅಲ್ಲವೇ? ಬ್ರೇನ್ ಅದೇ ಗುಹೆಯ ಚಿರತೆ ದವಡೆ ತಂದು ಹಿಡಿದ. ಎರಡು ಕೋರೆಹಲ್ಲು ಎರಡು ತೂತಿಗೆ ಸರಿಯಾಗಿ ಕೂತವು. ಇದೆಲ್ಲ ಸೇರಿಸಿ 1981ರಲ್ಲಿ ಬರೆದ ಪುಸ್ತಕದ ಹೆಸರೇ ಒಂದು ಪ್ರಶ್ನೆ: ಇವರು ಬೇಟೆಗಾರರೋ, ಬೇಟೆಯೋ? ಡಾರ್ಟ್‌ಗೆ ಹೆಸರು ತಂದ ಟಾಂಗ್ ಮಗುವನ್ನು ಕೂಡ ದೊಡ್ಡ ಹದ್ದು ಹೊತ್ತೊಯ್ದಿರಬೇಕು ಅಂತ 1995ರಲ್ಲಿ ಲೀ ಬರ್ಗರ್ ಮತ್ತು ರಾನ್ ಕ್ಲಾರ್ಕ್ ವಾದಿಸಿದರು. 2006ರಲ್ಲಿ ಕಣ್ಣಿನ ಗುಳಿಯೊಳಗಿನ ಗುರುತುಗಳು ಅದಕ್ಕೆ ಬಲ ಕೊಟ್ಟವು.

ಅಂದರೆ ನಮ್ಮ ಆ ಅಜ್ಜ ಅಜ್ಜಿಯರು ಚಿರತೆಗೆ, ಹದ್ದಿಗೆ ಹೆದರಿ ಒಬ್ಬರನ್ನೊಬ್ಬರು ಅಂಟಿಕೊಂಡು ಬದುಕಿದವರು. ಅವರನ್ನು ಕೊಲೆಗಾರರ ಸಾಲಿಗೆ ಸೇರಿಸಿಬಿಟ್ಟೆವು.

ಹಾಗಾದರೆ ಮೂಳೆಯ ಉಪಕರಣ ಇರಲೇ ಇಲ್ಲವಾ? ಇತ್ತು! ಅದೇ ಸ್ವಾರ್ಟ್‌ಕ್ರಾನ್ಸ್‌ನಲ್ಲಿ ತುದಿ ನಯವಾಗಿ ಸವೆದ ಮೂಳೆಗಳು ಸಿಕ್ಕಿವೆ, ಹತ್ತು ಲಕ್ಷ ವರ್ಷಕ್ಕೂ ಹಳೆಯವು. ಲೂಸಿಂಡಾ ಬ್ಯಾಕ್‌ವೆಲ್ ಮತ್ತು ಫ್ರಾನ್ಸೆಸ್ಕೊ ಡೆರಿಕೊ 2001ರಲ್ಲಿ ಆ ಸವೆತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ತಾವೇ ಮೂಳೆ ಹಿಡಿದು ಬೇರೆ ಬೇರೆ ಕೆಲಸ ಮಾಡಿ ಹೋಲಿಸಿದರು. ಹೊಂದಿದ್ದು ಯಾವುದಕ್ಕೆ ಗೊತ್ತಾ? ಗೆದ್ದಲ ಹುತ್ತ ಅಗೆಯೋದಕ್ಕೆ. ತಲೆ ಒಡೆಯೋದಕ್ಕಲ್ಲ, ತಿಂಡಿಗೆ!

ನಿಜವಾದ ಬೇಟೆಯ ಆಯುಧಗಳ ಮಾತಿಗೂ ಬರೋಣ. ನಮ್ಮ ಪಕ್ಕದ ಶ್ರೀಲಂಕಾದ ಫಾಹಿಯೆನ್ ಲೆನ ಗುಹೆಯಲ್ಲಿ ಸುಮಾರು 48,000 ವರ್ಷ ಹಿಂದಿನ ಮೂಳೆಯ ಬಾಣದ ಮೊನೆಗಳು ಸಿಕ್ಕಿದ್ದನ್ನು 2020ರಲ್ಲಿ ಪ್ರಕಟಿಸಿದರು. ದಟ್ಟ ಮಳೆಕಾಡಲ್ಲಿ ಮರದ ಮೇಲಿನ ಕೋತಿ, ಅಳಿಲು ಹೊಡೆಯೋಕೆ. ಯುರೋಪಿನ ಹಿಮಯುಗದವರು ಹಿಮಸಾರಂಗದ ಕೊಂಬಿನಲ್ಲಿ ಉದ್ದಕ್ಕೆ ಎರಡು ಗೀರು ಕೊರೆದು, ನಡುವಿನ ಪಟ್ಟಿ ಎಬ್ಬಿಸಿ, ಕೆರೆದು ಮುಳ್ಳುಮುಳ್ಳಿನ ಮೊನೆ ಮಾಡುತ್ತಿದ್ದರು. ಜಿಂಕೆ-ಸಾರಂಗದ ಕೊಂಬು ದನದ ಕೊಂಬಿನ ಹಾಗೆ ಉಗುರಿನ ಪದಾರ್ಥ ಅಲ್ಲ, ಮೂಳೆಯೇ. ಏಟಿಗೆ ಬೇಗ ಮುರಿಯಲ್ಲ. ಫ್ರಾನ್ಸಿನ ಮಾಸ್ ದಾಜಿಲ್ ಗುಹೆಯಲ್ಲಿ ಈಟಿ ಎಸೆಯುವ ಕೊಂಬಿನ ಕೋಲೊಂದು ಸಿಕ್ಕಿದೆ. ಅದರ ತುದಿಯಲ್ಲಿ ಹಿಂದಿರುಗಿ ನೋಡುತ್ತಿರೋ ಒಂದು ಮರಿ, ಅದರ ಹಿಂಭಾಗದಲ್ಲಿ ಹಕ್ಕಿ. ಕೆತ್ತನೆ ಅಂದ್ರೆ ಅದು!

ಒಂದು ಮೊನೆ ಮಾಡೋಕೆ ತಾಳ್ಮೆ ಬೇಕು, ಕಲಿಸೋ ಹಿರಿಯರು ಬೇಕು, ಬೇಟೆ ಸಿಕ್ಕರೆ ಹಂಚಿಕೊಳ್ಳೋ ಜನ ಬೇಕು. ಹಾಸ್ಟೆಲಿನಲ್ಲಿ ಮೂವರು ಸೇರಿ ಒಬ್ಬನಿಗೆ ಹೊಡೆಯೋಕೆ ಇದ್ಯಾವುದೂ ಬೇಕಿಲ್ಲ. ನೋಡಿಯೂ ಸುಮ್ಮನಿರೋ ಒಬ್ಬ ವಾರ್ಡನ್ ಸಾಕು.

ಯಾರಾದರೂ ಕೇಳಬಹುದು, "ಹಂಗಾದ್ರೆ ಮನುಷ್ಯ ಸಾಧುನಾ?" ಅಂತ. ಖಂಡಿತ ಅಲ್ಲ. ಸುಡಾನಿನ ಜೆಬೆಲ್ ಸಹಾಬಾ ಅನ್ನೋ ಸುಮಾರು 13,000 ವರ್ಷ ಹಿಂದಿನ ಸ್ಮಶಾನದಲ್ಲಿ ಮನುಷ್ಯರ ಮೂಳೆಯೊಳಗೇ ಕಲ್ಲಿನ ಮೊನೆ ನಾಟಿವೆ. ಮನುಷ್ಯ ಮನುಷ್ಯನನ್ನು ಕೊಂದಿದ್ದಾನೆ, ಕೊಲ್ಲುತ್ತಲೇ ಇದ್ದಾನೆ. ಆದರೆ ಹೊಡೆದವನು ಹೊಡೆದ, ತಡೆಯಬೇಕಾದವನು ತಡೆಯಲಿಲ್ಲ ಅಂತ ಲೆಕ್ಕ ಹಾಕಿ. 30 ಲಕ್ಷ ವರ್ಷ ಹಿಂದಿನವರ ಮೇಲೆ, ಅದೂ ಮಾಡದೇ ಇದ್ದ ತಪ್ಪು ಹೊರಿಸಿ, ಇವತ್ತಿನ ಹೊಲಿಗೆ ಮುಚ್ಚಬೇಡಿ. ರಕ್ತದಲ್ಲೇ ಇದೆ ಅಂದುಬಿಟ್ಟರೆ ಯಾರೂ ಏನೂ ಮಾಡಬೇಕಿಲ್ಲ ನೋಡಿ, ಅದಕ್ಕೇ ಆ ಮಾತು ಅಷ್ಟು ಹಿತ.

ಬ್ರೇನ್ 2023ರಲ್ಲಿ ತೀರಿಕೊಂಡರು. ಡಾರ್ಟ್ 1988ರಲ್ಲೇ. ಆದರೆ ಆ ಕಥೆ ಮಾತ್ರ ಇನ್ನೂ ಕಾಫಿ ಜೊತೆ ಬಡಿಸಲಾಗುತ್ತಿದೆ.

ಬರೋ ಶನಿವಾರ ಮತ್ತೆ ಹೋಗ್ತಿದ್ದೇವೆ. ಚಿರತೆ ದವಡೆ ಮತ್ತು ಬುರುಡೆಯ ಚಿತ್ರದ ಪ್ರಿಂಟ್ ತೆಗೆಸಿ ಇಟ್ಟಿದ್ದೇನೆ. ಈ ಸಲ ಕಾಫಿ ಬೇಡ ಅನ್ನೋದು ಅಂತ ಅಕ್ಕ ಈಗಲೇ ಹೇಳಿದ್ದಾಳೆ.

ನಿಮ್ಮ ಮಕ್ಕಳ ಶಾಲೆಯಲ್ಲೂ ಇಂಥ 'ವಿಜ್ಞಾನ' ಕೇಳಿದ್ದೀರಾ? ಕೇಳಿದ್ದರೆ ನೀವೂ ಬರೀರಿ. ನನ್ನ ಹಾಗೆ ಸುಮ್ಮನೆ ಕಾಫಿ ಕುಡಿದು ಬರಬೇಡಿ.