ಗಣಿಗಿಳಿದವರ ಹಾರೈಕೆ

ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಎರ್ಟ್ಸ್‌ಗೆಬಿರ್ಗೆ ಬೆಟ್ಟಗಳ ಬೆಳ್ಳಿಗಣಿಗಳಲ್ಲಿ ದುಡಿಯುತ್ತಿದ್ದವರು ಪರಸ್ಪರ ಸಂಧಿಸಿದಾಗ ‘ಗ್ಲ್ಯುಕ್ ಔಫ್’ ಎಂದು ವಂದಿಸುವುದು 17ನೆಯ ಶತಮಾನದಲ್ಲಿಯೇ ರೂಢಿಯಾಗಿದ್ದಿತು. ಮೊದಲ ಪದಕ್ಕೆ ಭಾಗ್ಯವೆಂದರ್ಥ. ಎರಡನೆಯದು ತೆರೆದುಕೊಳ್ಳುವಿಕೆಯನ್ನೂ ಮೇಲ್ಮುಖವಾದ ಗತಿಯನ್ನೂ ಸೂಚಿಸುವುದರಿಂದ, ಬಂಡೆಯೊಳಗೆ ಅಡಗಿದ ಅದಿರಿನ ಸಿರೆ ತೆರೆದುಕೊಳ್ಳಲೆಂಬ ಆಸೆಯೂ, ಇಳಿದವನು ಸುರಕ್ಷಿತನಾಗಿ ಮೇಲೇರಿ ಬರಲೆಂಬ ಹಾರೈಕೆಯೂ ಅದರಲ್ಲಿ ಕೂಡಿಕೊಂಡಿವೆ. ಅದಿರಿನ ಆಸೆಯೇ ಮೂಲಾರ್ಥವೆಂಬುದು ಪ್ರಚಲಿತ ವಿವರಣೆಯಾದರೂ, ಕತ್ತಲೆಗಿಳಿಯುವವನ ಮಡದಿಯ ಕಿವಿಗೆ ಎರಡನೆಯದೇ ಮೊದಲು ಕೇಳಿಸಿರಬೇಕೆಂದು ನಾನು ನಂಬುತ್ತೇನೆ.

ಇಂಥದೇ ಹಾರೈಕೆ ನಮ್ಮ ಗಣಿಯೂರಿನಲ್ಲಿಯೂ ಇದ್ದಿತು. 1880ರಲ್ಲಿ ಬ್ರಿಟನ್ನಿನ ಜಾನ್ ಟೇಲರ್ ಕಂಪನಿ ಕಾಲಿಟ್ಟಂದಿನಿಂದ ಕೋಲಾರದ ಚಿನ್ನದ ಗಣಿಗಳು ಆಳವಾಗುತ್ತಲೇ ಹೋಗಿ, ಅವುಗಳಲ್ಲೊಂದಾದ ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಮಿಗಿಲಾದ ಆಳವನ್ನು ಮುಟ್ಟಿತು. ಅಲ್ಲಿ ಬಂಡೆ ಮೇಲಿನ ಭಾರದ ಒತ್ತಡಕ್ಕೆ ತಾನೇ ಸಿಡಿಯುತ್ತಿದ್ದಿತು. ಪಾಳಿಗೆ ಹೊರಟ ಗಂಡಸು ಕನ್ನಡದ ಮನೆಯಲ್ಲಿ ‘ಹೋಗಿ ಬರ್ತೀನಿ’ ಎಂದರೆ, ತಮಿಳರ ಮನೆಯಲ್ಲಿ ‘ಪೋಯಿಟ್ಟು ವರೇನ್’, ತೆಲುಗರ ಮನೆಯಲ್ಲಿ ‘ವೆಳ್ಳೊಸ್ತಾನು’ ಎಂಬುದೇ ವಿದಾಯ. ಬರೀ ‘ಹೋಗ್ತೀನಿ’ ಎಂದರೆ ಅಪಶಕುನ. ಊರುಕೇರಿಗಳಲ್ಲಿ ಅಭ್ಯಾಸಬಲದಿಂದ ಆಡುವ ಈ ಮಾತು, ಶಾಫ್ಟಿನ ಬಾಯಿಗೆ ನಡೆಯುವವನ ಮನೆಬಾಗಿಲಲ್ಲಿ ಅಕ್ಷರಶಃ ಪ್ರಾರ್ಥನೆಯಾಗಿದ್ದಿತು.

ಜರ್ಮನಿಯ ಕೊನೆಯ ಭೂಗತ ಕಲ್ಲಿದ್ದಲು ಗಣಿಯಾದ ಬೋಟ್ರಾಪ್‌ನ ಪ್ರಾಸ್ಪರ್-ಹಾನಿಯೆಲ್ 2018ರಲ್ಲಿ ಮುಚ್ಚಿದ ಬಳಿಕವೂ, ಆ ಗಣಿಯಿದ್ದ ರೂರ್ ಪ್ರದೇಶದ ಜನ ‘ಗ್ಲ್ಯುಕ್ ಔಫ್’ ಎಂಬುದನ್ನು ಬಿಟ್ಟುಕೊಟ್ಟಿಲ್ಲ. ನಮ್ಮ ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಂದಿನಿಂದ ಗಣಿಕಾರ್ಮಿಕರ ಮಕ್ಕಳು ಮಾರಿಕುಪ್ಪಂನಿಂದ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಿದ್ದಾರೆ. ಹೀಗೆ ಗಣಿಯ ಬದುಕಿನೊಡನೆ ಅದರ ಮಾತೂ ಮರೆಯಾಗುತ್ತಿದೆ. ಎಷ್ಟು ಚಿನ್ನ ದೊರೆಯಿತೆಂಬುದನ್ನು ಗ್ರಾಂ ಲೆಕ್ಕದಲ್ಲಿ ಬರೆದಿಟ್ಟ ನಾಡು, ಅದನ್ನು ತೆಗೆದವರು ಬಂಡೆಯ ಸದ್ದಿಗೆ, ಭಯಕ್ಕೆ, ಜೊತೆಗಾರನಿಗೆ ಇಟ್ಟ ಹೆಸರುಗಳನ್ನು ಅಲಕ್ಷಿಸುವುದು ಅನ್ಯಾಯ.

ಗಣಿಯೊಳಗಿಳಿದು ದುಡಿದವರಲ್ಲಿ ಕಡಮೆ ವಯಸ್ಸಿನವರೂ ಈಗ ನಡುವಯಸ್ಸನ್ನು ದಾಟುತ್ತಿದ್ದಾರೆ. ಕೋಲಾರದಲ್ಲಿಯೇ ಇರುವ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯ ತನ್ನ ವಿದ್ಯಾರ್ಥಿಗಳನ್ನು ಚಾಂಪಿಯನ್ ರೀಫ್, ಊರ್ಗಾಂ, ಆಂಡರ್‌ಸನ್‌ಪೇಟೆಗಳ ಲೈನುಮನೆಗಳಿಗೆ ಈ ವರ್ಷವೇ ಕಳುಹಿಸಬೇಕು. ತಮಿಳು, ಇಂಗ್ಲಿಷ್, ತೆಲುಗು, ಕನ್ನಡ ಬೆರೆತ ಅಲ್ಲಿನವರ ಮಾತನ್ನು ತಿದ್ದದೆ, ಶುದ್ಧಗೊಳಿಸದೆ, ಆಡಿದವರ ಧ್ವನಿಯಲ್ಲಿಯೇ ಸಂಗ್ರಹಿಸಬೇಕು.