ಅರಿವು ಕೇಂದ್ರದ ಕಪಾಟಿನಲ್ಲಿ ಪಂಚಾಯಿತಿಯ ಕತೆಯೂ ಇರಲಿ

ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ,

ಸನ್ಮಾನ್ಯರೇ,

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ತಮ್ಮ ಇಲಾಖೆಗೆ ಬಂದವು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅರಿವು ಕೇಂದ್ರ ಎಂದು ಕರೆಯುವ ಅಂಥ ಒಂದು ಗ್ರಂಥಾಲಯಕ್ಕೆ ನನ್ನ ಮಗಳೂ ಸದಸ್ಯೆ. ಅವಳು ತಂದ ಪುಸ್ತಕವನ್ನು ರಾತ್ರಿ ಊಟವಾದ ಮೇಲೆ ಅವಳಿಂದಲೇ ಓದಿಸಿ ಮನೆಯವರೆಲ್ಲ ಕೇಳುತ್ತೇವೆ. ಪಂಚತಂತ್ರ, ತೆನಾಲಿ ರಾಮ, ವಿಜ್ಞಾನಿಗಳ ಜೀವನ ಎಲ್ಲವೂ ಆಯಿತು. ಆದರೆ ಆ ಗ್ರಂಥಾಲಯವನ್ನು ನಡೆಸುವ ಪಂಚಾಯಿತಿಯ ಬಗ್ಗೆ, ಅಲ್ಲಿಗೆ ಸದಸ್ಯರು ಆರಿಸಿ ಬರುವ ಬಗೆಯ ಬಗ್ಗೆ, ಮಗುವಿಗೆ ಕತೆಯಾಗಿ ಹೇಳುವ ಪುಸ್ತಕ ಕೇಳಿದರೆ ಕೈಗೆ ಬರುವುದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡು. ಮೇಲ್ವಿಚಾರಕರ ತಪ್ಪೇನಿಲ್ಲ, ಕಪಾಟಿನಲ್ಲಿರುವುದೇ ಅದು. ಅಲ್ಲಿ ಬೇರೆ ಪುಸ್ತಕಗಳೂ ಇರುವಂತೆ ತಾವು ಮಾಡಬೇಕು.

ಶಾಲೆಯಲ್ಲಿ ಪೌರನೀತಿಯ ಪಾಠ ಇದ್ದೇ ಇದೆ. ಸಂವಿಧಾನ ಪೀಠಿಕೆಯನ್ನು ಮಕ್ಕಳು ಒಕ್ಕೊರಲಿನಿಂದ ಓದುತ್ತಾರೆ, ಅದು ನನಗೆ ನಿಜಕ್ಕೂ ಸಂತೋಷದ ವಿಷಯ. ಆದರೆ ಓಟು ಯಾರಿಗೆ ಎಂಬುದು ತೀರ್ಮಾನವಾಗುವುದು ಶಾಲೆಯಲ್ಲಲ್ಲ, ಮನೆಯಲ್ಲಿ. ಆ ಮಾತು ಮಕ್ಕಳ ಮುಂದೆ ನಡೆಯುವುದೇ ಇಲ್ಲ. ನಡೆದರೂ ದೊಡ್ಡವರೊಬ್ಬರ ಅಪ್ಪಣೆಯಲ್ಲಿ ಮುಗಿಯುತ್ತದೆ.

ಪುಸ್ತಕ ಸಿಗದೆ ಒಂದು ರಾತ್ರಿ ನಾನೇ 1951–52ರ ಮೊದಲ ಮಹಾಚುನಾವಣೆಯ ಕತೆ ಹೇಳಿದೆ. ಮತದಾರರ ಪಟ್ಟಿ ಬರೆಯಲು ಬಂದವರಿಗೆ ಎಷ್ಟೋ ಹೆಂಗಸರು ಇಂಥವರ ಹೆಂಡತಿ, ಇಂಥವರ ಮಗಳು ಎಂದರೇ ಹೊರತು ತಮ್ಮ ಹೆಸರು ಹೇಳಲಿಲ್ಲ. ಹೆಸರಿಲ್ಲದೆ ಸೇರಿಸುವಂತಿಲ್ಲ ಎಂದು ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಕೇಳಿ ನಮ್ಮತ್ತೆಯವರು, “ನಂಗೆ ಹೆಸ್ರಿತ್ತಮ್ಮ, ಓಟು ಮಾತ್ರ ನಿಮ್ಮ ಮಾವನೋರು ಹೇಳಿದ್ದಕ್ಕೇ” ಎಂದರು. “ಈಗ?” ಎಂದಳು ಮಗಳು. “ಈಗ ನಿಮ್ಮಪ್ಪ ಹೇಳ್ತಾನೆ.” ಅವಳಪ್ಪ ಅಲ್ಲೇ ಕೂತಿದ್ದರು. ಮತಗಟ್ಟೆಯ ರಟ್ಟಿನ ಮರೆ ಇರುವುದು ಯಾತಕ್ಕೆ, ಗಂಡನಾಗಲಿ ಮಗನಾಗಲಿ ಅದರೊಳಗೆ ಇಣುಕಬಾರದು ಏಕೆ ಎಂದು ಆ ರಾತ್ರಿ ಬಹಳ ಹೊತ್ತು ಮಾತಾಯಿತು. ಓಟಿಗಾಗಿ ಹಂಚುವ ಸೀರೆ, ಕುಕ್ಕರು, ದುಡ್ಡಿನ ಸುದ್ದಿಯೂ ಬಂತು. ಮಗುವಿನ ಎದುರಿಗೆ ಯಾರೂ ಅದನ್ನು ಸಮರ್ಥಿಸಲು ಹೋಗಲಿಲ್ಲ. ಇಂಥ ಮಾತು ಹುಟ್ಟಬೇಕಾದರೆ ಒಂದು ಕತೆ ಬೇಕು, ಆ ಕತೆ ಊರಿನ ಎಲ್ಲ ಮನೆಗೂ ಸಿಗಬೇಕು.

ಬರೆಯುವುದಕ್ಕೆ ನಮ್ಮಲ್ಲೇ ಎಷ್ಟಿದೆ ನೋಡಿ. ಬೆರಳಿಗೆ ಹಚ್ಚುವ ಶಾಯಿ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಅದನ್ನು ದೇಶಕ್ಕೆಲ್ಲ ಒದಗಿಸುತ್ತಿದೆ. ಅದರಲ್ಲಿರುವ ಬೆಳ್ಳಿಯ ಲವಣ ಚರ್ಮಕ್ಕೆ ಹತ್ತಿ, ಬೆಳಕು ಬಿದ್ದಂತೆ ಕಪ್ಪಾಗುತ್ತದೆ. ಒಂದು ಇಡೀ ಪುಸ್ತಕಕ್ಕೆ ಅಷ್ಟೇ ಸಾಕು. ವಿಧಾನಸಭೆ ಚುನಾವಣೆಯಲ್ಲಿ ಮತಯಂತ್ರದ ಪಕ್ಕದ ಗಾಜಿನೊಳಗೆ, ಓಟು ಯಾರಿಗೆ ಬಿತ್ತೆಂದು ತೋರಿಸುವ ಚೀಟಿ ಏಳು ಸೆಕೆಂಡು ಕಾಣಿಸಿ ಬೀಳುತ್ತದೆ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಬೀದರ್ ಜಿಲ್ಲೆ ಬಿಟ್ಟರೆ ಉಳಿದೆಡೆ ಕಾಗದದ ಮತಪತ್ರವೇ ಇತ್ತು. ಪಂಚಾಯಿತಿಗೆ ಪಕ್ಷದ ಚಿಹ್ನೆ ಏಕಿಲ್ಲ? ಸುಮಾರು 400 ಜನಕ್ಕೆ ಒಬ್ಬ ಸದಸ್ಯರೆಂದರೆ ನಮ್ಮ ಕೇರಿಗೆ ಯಾರು? ಅರ್ಧದಷ್ಟು ಸ್ಥಾನ ಹೆಂಗಸರಿಗಿದ್ದರೂ ಕೆಲವೆಡೆ ಸದಸ್ಯೆಯ ಪರವಾಗಿ ಗಂಡ ಮಾತಾಡುವುದೇಕೆ? ಮಕ್ಕಳು ಇದನ್ನೆಲ್ಲ ಕೇಳುತ್ತಾರೆ. ಹೊರದೇಶದ ಚಿತ್ರಪುಸ್ತಕ ತಂದು ಅಧ್ಯಕ್ಷರ ಚುನಾವಣೆ ತೋರಿಸಿದರೆ ಇವಕ್ಕೆ ಉತ್ತರ ಸಿಗುವುದಿಲ್ಲ.

ಆದ್ದರಿಂದ ಕೇಳಿಕೊಳ್ಳುವುದು ಇಷ್ಟು. ಮಕ್ಕಳಿಗಾಗಿ ಬರೆಯಬಲ್ಲವರಿಂದ, ಚಿತ್ರಕಾರರಿಂದ ಇಂಥ ಪುಸ್ತಕಗಳನ್ನು ಹೊಸದಾಗಿ ಬರೆಸಿ. ಸುತ್ತೋಲೆಯ ಭಾಷೆ ಬೇಡ. ಬೀದರಿನ ಮಾತು, ಕುಂದಾಪುರದ ಮಾತು ಅಲ್ಲಲ್ಲಿಯ ಕತೆಯಲ್ಲಿ ಬರಲಿ. ಓದು ಬಾರದ ಅಜ್ಜಿಗೆ ಮೊಮ್ಮಗ ಗಟ್ಟಿಯಾಗಿ ಓದಿ ಹೇಳುವಂತೆ ದೊಡ್ಡ ಅಕ್ಷರ, ಸಣ್ಣ ವಾಕ್ಯ ಇರಲಿ. ಪುಸ್ತಕವನ್ನು ಅಲ್ಲೇ ಕೂರಿಸಿ ಓದಿಸುವ ಬದಲು ಮನೆಗೆ ಕೊಡಲಿ. ಹರಿದು ಬಂದರೂ ಚಿಂತೆಯಿಲ್ಲ, ಮಗುವಿಗೆ ದಂಡ ಹಾಕಬೇಡಿ.

ಇನ್ನೊಂದು ಮಾತು, ತಪ್ಪು ತಿಳಿಯಬಾರದು. ಆ ಪುಸ್ತಕಗಳಲ್ಲಿ ಮುಖ್ಯಮಂತ್ರಿಗಳದಾಗಲಿ ತಮ್ಮದಾಗಲಿ ಭಾವಚಿತ್ರ, ಸಂದೇಶ ಇರಬಾರದು. ಚುನಾವಣೆಯ ನೀತಿ ಸಂಹಿತೆ ಬಂದ ದಿನ ಬಚ್ಚಿಡಬೇಕಾದ ಪುಸ್ತಕದಿಂದ ಪ್ರಯೋಜನವಿಲ್ಲ. ಚುನಾವಣೆಯ ದಿನಗಳಲ್ಲೇ ಅವು ಮನೆಯಿಂದ ಮನೆಗೆ ಹೆಚ್ಚು ಓಡಾಡಬೇಕು.

ಮೊದಲ ಪುಸ್ತಕ ಮಕ್ಕಳ ಗ್ರಾಮಸಭೆಯ ಬಗ್ಗೆ ಆಗಲಿ. ಓಟು ಹಾಕಲು 18 ತುಂಬಬೇಕು, ಮಕ್ಕಳ ಗ್ರಾಮಸಭೆಗೆ ಅಷ್ಟು ಕಾಯಬೇಕಿಲ್ಲ. ಈಗಲೂ ಮಕ್ಕಳು ಅಲ್ಲಿ ಶೌಚಾಲಯ, ಬಸ್ಸು, ಬೀದಿ ದೀಪ ಕೇಳುತ್ತಾರೆ. ಕೇಳಿದ್ದು ಎಲ್ಲಿ ದಾಖಲಾಗುತ್ತದೆ, ಯಾವ ಹಣದಿಂದ ಆಗುತ್ತದೆ, ಆಗದಿದ್ದರೆ ಮತ್ತೆ ಯಾರನ್ನು ಕೇಳಬೇಕು ಎಂಬುದನ್ನು ಆ ಪುಸ್ತಕ ಹೇಳಿಕೊಡಲಿ. ಮುಂದಿನ ಮಕ್ಕಳ ಗ್ರಾಮಸಭೆಗೆ ಒಂದು ತಿಂಗಳು ಮೊದಲೇ ಅದು ಅರಿವು ಕೇಂದ್ರ ತಲುಪಿದರೆ, ಅಪ್ಪ ಅಮ್ಮಂದಿರೂ ಜೊತೆಗೆ ಕೂತು ಓದಿ, ಮಕ್ಕಳನ್ನು ಸಭೆಗೆ ಕಳಿಸುತ್ತೇವೆ.

ಗೌರವಾದರಗಳೊಂದಿಗೆ,
ಗ್ರಾಮ ಪಂಚಾಯಿತಿಯ ಒಬ್ಬ ಮತದಾರಳು