ಜೇನ್ ಆಸ್ಟಿನ್ ಓಡಿಹೋಗಿದ್ದಳೇ?

ತಿಂಗಳಿಗೊಂದು ಭಾನುವಾರ ಅಮೀರ್‌ಪೇಟ್‌ನ ನಮ್ಮ ಮನೆಯಲ್ಲಿ ನಾಲ್ಕಾರು ಕನ್ನಡದವರು ಸೇರಿ ಸಿನಿಮಾ ನೋಡುತ್ತೇವೆ. ಈ ಸಲ ನೋಡಿದ್ದು 2007ರ ‘ಬಿಕಮಿಂಗ್ ಜೇನ್’. ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಪಾತ್ರದಲ್ಲಿ ಆನ್ ಹ್ಯಾಥವೇ, ಆಕೆ ಮೆಚ್ಚಿದ ಐರಿಷ್ ತರುಣ ಟಾಮ್ ಲೆಫ್ರಾಯ್ ಪಾತ್ರದಲ್ಲಿ ಜೇಮ್ಸ್ ಮೆಕವಾಯ್. ಇಬ್ಬರೂ ಮನೆಬಿಟ್ಟು ಓಡಿಹೋಗಲು ಹೊರಡುತ್ತಾರೆ. ಅವನನ್ನೇ ನಂಬಿಕೊಂಡ ಬಡ ಸಂಸಾರವೊಂದಿದೆ ಎಂದು ದಾರಿಯಲ್ಲಿ ತಿಳಿದು ಆಕೆ ಹಿಂದಿರುಗುತ್ತಾಳೆ. ಸಿನಿಮಾ ಮುಗಿದಾಗ ಇಬ್ಬರು ಕಣ್ಣೊರೆಸಿಕೊಂಡರು. ಕಾಫಿ ಬರುವಷ್ಟರಲ್ಲಿ ಜಗಳ ಶುರುವಾಯಿತು.

“ಓಡಿಹೋಗಿದ್ದೆಲ್ಲ ಶುದ್ಧ ಸುಳ್ಳು ಕಣ್ರೀ,” ಎಂದರು ನಿವೃತ್ತ ಇಂಗ್ಲಿಷ್ ಮೇಡಂ. 1796ರ ಜನವರಿಯಲ್ಲಿ ಅಕ್ಕ ಕಸಾಂಡ್ರಾಗೆ ಬರೆದ ಪತ್ರಗಳಲ್ಲಿ ಲೆಫ್ರಾಯ್ ಹೆಸರು ಬರುತ್ತದೆ, ಇಬ್ಬರೂ ಒಟ್ಟಿಗೆ ಕುಣಿದದ್ದೂ ನಿಜ. ಆಮೇಲೆ ಅವನು ಊರು ಬಿಟ್ಟ, ಬೇರೆ ಮದುವೆಯಾದ, ಐರ್ಲೆಂಡಿನ ಮುಖ್ಯ ನ್ಯಾಯಮೂರ್ತಿಯಾದ. ಮಗಳಿಗೆ ಜೇನ್ ಎಂದು ಹೆಸರಿಟ್ಟಿದ್ದನ್ನು ಸಿನಿಮಾ ಪ್ರೇಮದ ಗುರುತಾಗಿ ತೋರಿಸುತ್ತದೆ; ಅವನ ಅತ್ತೆಯ ಹೆಸರೂ ಜೇನ್!

ನನ್ನ ಹೆಂಡತಿ ಬಿಡಲಿಲ್ಲ. “ಉಳಿದಿರೋದು ನೂರರವತ್ತು ಪತ್ರ ಅಷ್ಟೇ ಅಂತೀರಿ. ಎಷ್ಟೋ ಪತ್ರ ಅಕ್ಕನೇ ಸುಟ್ಟಳಂತೆ. ಅವುಗಳಲ್ಲಿ ಏನಿತ್ತೋ ಯಾರು ಕಂಡಿದ್ದಾರೆ?”

ಇಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಕಂಪ್ಯೂಟರ್ ಕೋರ್ಸ್ ಮಾಡುತ್ತಿರುವ ರಾಯಚೂರಿನ ಹುಡುಗ ಮೆಲ್ಲಗೆ ಅಂದ: “ಈ ಪಿಕ್ಚರ್ ನೋಡ್ಲಿಲ್ಲಂದ್ರ ಆಕಿ ಯಾರಂತ ನಂಗ ಗೊತ್ತೇ ಆಗ್ತಿದ್ದಿಲ್ರಿ ಮೇಡಂ.”

ಮೂವರ ಮಾತೂ ನನಗೆ ಒಪ್ಪಿಗೆ. ಬದುಕಿನ ಖಾಲಿ ಜಾಗವನ್ನು ಕಲ್ಪನೆಯಿಂದ ತುಂಬುವುದು ತಪ್ಪಲ್ಲ; ಕಾದಂಬರಿಕಾರರೂ ಮಾಡುವುದು ಅದನ್ನೇ. ನನ್ನ ತಕರಾರು ಬೇರೆ. ‘ಪ್ರೈಡ್ ಅಂಡ್ ಪ್ರೆಜುಡೀಸ್’ ಹುಟ್ಟಿದ್ದೇ ಈ ಪ್ರೇಮದ ಗಾಯದಿಂದ ಎಂಬಂತೆ ಸಿನಿಮಾ ಹೇಳುತ್ತದೆ. ಅದರ ಮೊದಲ ಕರಡನ್ನು ಆಕೆ ಶುರುಮಾಡಿದ್ದು 1796ರ ಅಕ್ಟೋಬರಿನಲ್ಲಿ, ಅಚ್ಚಾದದ್ದು 1813ರಲ್ಲಿ. ನಡುವಿನ ವರ್ಷಗಳ ತಿದ್ದುವಿಕೆ, ಹಳ್ಳಿಯ ಪಾದ್ರಿಯ ಮನೆಯಲ್ಲಿ ಕೂತು ಮದುವೆ, ಆಸ್ತಿ, ಅಹಂಕಾರಗಳನ್ನು ಗಮನಿಸಿದ ಆ ಕಣ್ಣು, ಇವೆಲ್ಲ ಎಲ್ಲಿ ಹೋದವು? ಗಂಡಸೊಬ್ಬ ಬಂದು ಹೋಗದಿದ್ದರೆ ಆಕೆ ಬರೆಯುತ್ತಲೇ ಇರಲಿಲ್ಲವೇ?

ನಮ್ಮ ತ್ರಿವೇಣಿಯವರನ್ನು ನೆನೆಯಿರಿ. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ ತೀರಿಕೊಂಡರು. ಮನಃಶಾಸ್ತ್ರ ಓದಿದ ಹೆಣ್ಣುಮಗಳು. ‘ಶರಪಂಜರ’ದ ಕಾವೇರಿ ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದರೂ ಸುತ್ತಲಿನವರು ಅವಳನ್ನು ಹುಚ್ಚಿಯಾಗಿಯೇ ನೋಡುತ್ತಾರೆ. ನಾಳೆ ಯಾರಾದರೂ ತ್ರಿವೇಣಿಯವರ ಮೇಲೆ ಸಿನಿಮಾ ಮಾಡಿ, ಕಾವೇರಿಯ ಕಷ್ಟವೆಲ್ಲ ಅವರದೇ ಎಂದು ತೋರಿಸಿದರೆ? ನಾವು ಅಳುತ್ತೇವೆ, ಟಿಕೆಟ್ಟೂ ಖರ್ಚಾಗುತ್ತದೆ. ಆದರೆ ಬೇರೆಯವರ ನೋವನ್ನು ಓದಿ, ಕೇಳಿ, ಕಲ್ಪಿಸಿ ಅರ್ಥಮಾಡಿಕೊಂಡ ಅವರ ಶಕ್ತಿಯನ್ನೇ ಕಿತ್ತುಕೊಂಡಂತಾಗುತ್ತದೆ. ಲೇಖಕಿಯರ ವಿಷಯದಲ್ಲಿ ನಮಗೆ ಈ ಚಾಳಿ ತುಸು ಹೆಚ್ಚು: ಕತೆ ಓದಿ ಮುಗಿಸಿದೊಡನೆ “ಇದು ನಿಮ್ಮದೇ ಅನುಭವವಾ?” ಎಂದು ಕೇಳಿಬಿಡುತ್ತೇವೆ.

ಹೊರಡುವಾಗ ರಾಯಚೂರಿನ ಹುಡುಗ ಮೇಡಂ ಹತ್ತಿರ ಪುಸ್ತಕ ಕೇಳಿದ. “ಕೊಡ್ತೀನಪ್ಪಾ,” ಎಂದರು ಅವರು, “ಓದಿ ಮುಗಿಸಿ, ಲೆಫ್ರಾಯ್ ಎಷ್ಟನೇ ಪುಟದಲ್ಲಿ ಸಿಕ್ಕಿದ ಅಂತ ನನಗೆ ಹೇಳು.”